ಭಾರವಿಲ್ಲದ ಏಣಿ

ಹೂಮಳೆ ಬಿದ್ದು ಎಂಟನೆಯ ದಿನ. ಕೆಳಗಿನ ಬ್ಲಾಕಿನ ಕಾಫಿ ಗಿಡಗಳಲ್ಲಿ ನಿನ್ನೆ ಸಂಜೆಯೇ ಮೊಗ್ಗು ಅಕ್ಕಿಕಾಳಿನಂತೆ ಉಬ್ಬಿ ನಿಂತಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಬಿರಿದು, ಹಳ್ಳದ ದಂಡೆಯಿಂದ ಬನದ ಅಂಚಿನವರೆಗೆ ಒಂದೇ ಬಿಳುಪು. ಹೂ ಬಿರಿದ ದಿನ ಆ ಬ್ಲಾಕಿಗೆ ಯಾರೂ ಇಳಿಯುವಂತಿಲ್ಲ. ಮೈ ತಾಗಿದರೆ ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ ಎಂದು ಎಸ್ಟೇಟಿನ ರೈಟರ್ ರಾಜೀವ ಹೇಳುತ್ತಾನೆ. ಬನದವರು, ಕಣ್ಣಿಗೆ ಕಾಣದ ಬನದ ಜನ, ಅವತ್ತು ಅಲ್ಲಿಗೆ ಇಳಿದಿರುತ್ತಾರೆ ಎಂದು ಕೊಯ್ಯುವ ಗ್ಯಾಂಗಿನ ತಂಗಮ್ಮ ಹೇಳುತ್ತಾಳೆ. ಕಾರಣ ಯಾವುದಾದರೇನು, ದಾರಿಗೆ ಅಡ್ಡಲಾಗಿ ಒಂದು ಹಸಿ ಬಳ್ಳಿ ಕಟ್ಟಿ ಆಳುಗಳೆಲ್ಲ ಮೇಲಿನ ಬ್ಲಾಕಿನಲ್ಲಿ ಮೆಣಸು ಕೊಯ್ಯುತ್ತಿದ್ದರು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳಿಗೆ, ಗೆಣ್ಣುಗಳೇ ಮೆಟ್ಟಿಲಾದ ಒಂಟಿ ಬಿದಿರಿನ ಏಣಿ ಆನಿಸಿ ಗಂಡಸರು ಹತ್ತಿದ್ದರು. ಬುಡದಲ್ಲಿ ಹೆಂಗಸರು ಹಿಡಿದಿದ್ದರು. ಗಾಳಿ ಒಂದೊಂದು ಸಲ ಕೆಳಗಿನಿಂದ ಬೀಸಿದಾಗ ಹೂವಿನ ವಾಸನೆ ಮೈಮೇಲೆ ಬಿದ್ದ ಹಾಗೆ ಬರುತ್ತಿತ್ತು. ಎಲ್ಲರ ಮಾತೂ ಅರೆಗಳಿಗೆ ನಿಲ್ಲುತ್ತಿತ್ತು.

ರಶ್ಮಿ ಎರಡು ಕೈಯಿಂದಲೂ ಏಣಿ ಹಿಡಿದು ನಿಂತಿದ್ದಳು. ಇಷ್ಟು ಬಿಗಿಯಾಗಿ ಹಿಡಿಯುವ ಅಗತ್ಯವಿಲ್ಲ ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಮೆಣಸು ಕೊಯ್ಯುವವರಲ್ಲಿ ಒಂದು ಕ್ರಮವಿದೆ. ಹತ್ತುವವನು ಮೊದಲ ಗೆಣ್ಣಿನ ಮೇಲೆ ಕಾಲಿಟ್ಟು "ಹಿಡಿದ್ಯಾ?" ಎನ್ನಬೇಕು, ಬುಡದಲ್ಲಿದ್ದವಳು "ಹಿಡ್ದೆ" ಎನ್ನಬೇಕು. ಅಂದ ಮೇಲೆ ಅವನು ಇಳಿಯುವವರೆಗೂ ಅವನ ಭಾರ ಇವಳದ್ದು. ಮೂಗು ತುರಿಸಿದರೂ ಕೈ ಬಿಡುವಂತಿಲ್ಲ. ಆ ಭಾರ ಹೇಗಿರುತ್ತದೆ ಎಂದು ರಶ್ಮಿಗೆ ಚೆನ್ನಾಗಿ ಗೊತ್ತು. ಹದಿನಾರನೆಯ ವಯಸ್ಸಿನಿಂದ ಅವಳು ಅಪ್ಪ ಗುರುವಯ್ಯನ ಏಣಿ ಹಿಡಿದಿದ್ದವಳು. ಅಪ್ಪ ಒಂದೊಂದು ಗೆಣ್ಣು ಏರಿದಾಗಲೂ ಬಿದಿರಿನೊಳಗೆ ಒಂದು ಗುಂಯ್ ಎನ್ನುವುದು ಇಳಿದು ಅಂಗೈಗೆ ಬರುತ್ತಿತ್ತು, ಏಣಿಯ ಬುಡ ಮಣ್ಣನ್ನು ಒಂದು ಕೂದಲೆಳೆಯಷ್ಟು ಒತ್ತುತ್ತಿತ್ತು. ಕಣ್ಣು ಮುಚ್ಚಿದ್ದರೂ ಅಪ್ಪ ಈಗ ಎಡಕ್ಕೆ ವಾಲಿದ್ದಾನೆ, ಈಗ ಗೊಂಚಲಿಗೆ ಕೈ ಚಾಚಿದ್ದಾನೆ, ಈಗ ಸುಮ್ಮನೆ ನಿಂತು ದೇವರಮನೆ ಗುಡ್ಡದ ಕಡೆ ನೋಡುತ್ತಿದ್ದಾನೆ ಎಂದು ಹೇಳಬಹುದಾಗಿತ್ತು. ಈ ಏಣಿಯಲ್ಲಿ ಅಂಥದ್ದೇನೂ ಇರಲಿಲ್ಲ. ಮೇಲೆ ಇಪ್ಪತ್ತೈದು ಅಡಿಯಲ್ಲಿ ಒಬ್ಬ ಗಂಡಸು ನಿಂತಿದ್ದ. ಅವಳ ಕೈಯಲ್ಲಿದ್ದ ಬಿದಿರು ಮಾತ್ರ ಮೆಳೆಯಲ್ಲೇ ನಿಂತ ಬಿದಿರಿನಂತೆ, ಬರೀ ಗಾಳಿಗೆ ಎಷ್ಟೋ ಅಷ್ಟೇ ಅಲುಗುತ್ತಿತ್ತು.

ಆದರೆ ಇವತ್ತು ಬೆಳಗ್ಗೆ ಅವನು ಹತ್ತುವಾಗ ಸಣ್ಣಗೆ, ತೀರಾ ಸಣ್ಣಗೆ, ಗುಂಯ್ ಎಂದಿತ್ತು.  ಆ ಭಾರ ನನ್ನದು ಎಂದು ಅವಳಿಗೆ ಅನ್ನಿಸಿತು.

ಅವನು ಬಂದು ಹದಿಮೂರು ದಿನ. ಎಲ್ಲಿಂದ ಬಂದ ಎಂದು ಯಾರೂ ಕೇಳಲಿಲ್ಲ. ಈಗ ಎಸ್ಟೇಟುಗಳಿಗೆ ಯಾರ್ಯಾರೋ ಬರುತ್ತಾರೆ, ಅಸ್ಸಾಮಿನವರು, ಘಟ್ಟದ ಕೆಳಗಿನವರು, ಒಂದು ವಾರ ಇದ್ದು ಹೋಗುವವರು. ರಾಜೀವ ಹಾಜರಿ ಪುಸ್ತಕ ಬಿಡಿಸಿ ಹೆಸರೇನಪ್ಪ ಅಂದರೆ, "ನಿಮಗೆ ಯಾವುದು ಸುಲಭವೋ ಅದು" ಅಂದನಂತೆ. ಗ್ಯಾಂಗಿನಲ್ಲಿ ಆಗಲೇ ಒಬ್ಬ ರಾಜೇಶ ಇದ್ದ. ರಾಜೀವನಿಗೆ ಪುರುಸೊತ್ತಿರಲಿಲ್ಲ, 'ರಾಜೇಶ್ ಎರಡು' ಎಂದು ಬರೆದುಕೊಂಡ. ಅವತ್ತಿನಿಂದ ಎಲ್ಲರಿಗೂ ಅವನು ಎರಡನೇ ರಾಜೇಶ. ಮೊದಲನೇ ರಾಜೇಶ ಮಾತ್ರ ಮುನಿಸಿಕೊಂಡು, "ನನ್ನ ಹೆಸರು ಹಾಕ್ಕೊಂಡು ನನಗಿಂತ ಎರಡು ಚೀಲ ಜಾಸ್ತಿ ಕೊಯ್ತಾನಲ್ಲ ಮಾರಾಯ" ಎನ್ನುತ್ತಿದ್ದ.

ಅವತ್ತು ರಶ್ಮಿ ಉದುರು ಆಯುತ್ತಿದ್ದಳು. ಮರದಿಂದ ಬಿದ್ದ ಮೆಣಸಿನ ಕಾಳನ್ನು ತರಗೆಲೆ ಸರಿಸಿ ಒಂದೊಂದಾಗಿ ಹೆಕ್ಕುವುದು ಮುದುಕಿಯರ ಕೆಲಸ. ಇಪ್ಪತ್ತು ತುಂಬಿದವಳಿಗೆ ಎರಡು ವರ್ಷದಿಂದ ಅದೇ ಕೆಲಸ, ಏಕೆಂದರೆ ಗುರುವಯ್ಯ ಬಿದ್ದ ಮೇಲೆ ಅವಳ ಕೈಗೆ ಏಣಿ ಕೊಡುವವರಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅವಳು ಹತ್ತಿರ ಹೋದರೆ ಮೇಸ್ತ್ರಿ ಹಾಲೇಶ ಕೆಮ್ಮುತ್ತಿದ್ದ. ಹೆಂಗಸರಲ್ಲಿ ಯಾರೋ ಒಬ್ಬರು "ನೀನು ಕೂತ್ಕೊ, ನೀನು ಸಣ್ಣೋಳು" ಎನ್ನುತ್ತಿದ್ದರು. ಒಮ್ಮೆ ಜೊತೆಗೆ ಆಳಿಲ್ಲದೆ ತಂಗಮ್ಮ ಏಣಿಯ ಬುಡವನ್ನು ಹಗ್ಗದಿಂದ ಕಾಫಿ ಗಿಡಕ್ಕೆ ಕಟ್ಟಿದ್ದಳು. ಮೂರು ಅಡಿ ಆಚೆ ರಶ್ಮಿ ಬರಿಗೈಯಲ್ಲಿ ನಿಂತಿದ್ದಳು. ಹಗ್ಗಕ್ಕಿಂತ ಕಡೆ ನಾನು ಎಂದುಕೊಳ್ಳುತ್ತ ಅವಳು ಕೂತು ಕಾಳು ಆಯ್ದಿದ್ದಳು. ಹದಿಮೂರು ದಿನದ ಹಿಂದೆ, ಬಂದ ದಿನವೇ, ಆ ಹೊಸಬ ನೆಟ್ಟಗೆ ಅವಳ ಮುಂದೆ ಬಂದು ನಿಂತ. ಅವಳಿಗೆ ಮೊದಲು ಕಂಡದ್ದು ಅವನ ಪಾದ. ಮುಂಜಾವದ ಇಬ್ಬನಿಗೆ ನೆಂದ ಮಣ್ಣು ಎಲ್ಲರ ಕಾಲಿಗೂ ಮೆತ್ತಿದ್ದರೂ ಅವನ ಹಿಮ್ಮಡಿ ತೊಳೆದಿಟ್ಟ ಕಲ್ಲಿನ ಹಾಗಿತ್ತು. "ನನ್ನ ಏಣಿ ನೀನು ಹಿಡಿ" ಅಂದ. ಹಾಲೇಶ ಕೆಮ್ಮಿದ. "ಅವಳೇ ಹಿಡೀಲಿ" ಎಂದ ಹೊಸಬ, ಕೆಮ್ಮಿಗೇ ಉತ್ತರ ಕೊಡುವವನಂತೆ.

ಅವನು ಹತ್ತಿದ. ಅವಳು ಹಿಡಿದಳು. ಕೈಗೆ ಏನೂ ಬರಲಿಲ್ಲ. ತನ್ನ ಕೈಯೇ ಸತ್ತಿದೆ ಎಂದುಕೊಂಡಳು ಮೊದಲು. ಆಮೇಲೆ ತಲೆಯೆತ್ತಿ ನೋಡಿದಳು. ಮರದ ಮೈತುಂಬ ಚಗಳಿ ಇರುವೆಗಳು. ಕೊಯ್ಯುವವರ ಕತ್ತು ತೋಳು ಕಚ್ಚಿ ಹಾಕುವ ಕೆಂಪು ಇರುವೆಗಳು ಅವನ ಕೈ ಹೋದಲ್ಲೆಲ್ಲ ಎರಡು ಸಾಲಾಗಿ ಸರಿದು ದಾರಿ ಬಿಡುತ್ತಿದ್ದವು. ಒಂದು ಸಣ್ಣ ಚಿಗುರಿನ ಮೇಲೆ ಅವನು ಪೂರ್ತಿ ಕಾಲೂರಿದ್ದ. ಚಿಗುರು ಬಾಗಿರಲಿಲ್ಲ. ಕೂಗಬೇಕಿತ್ತು. ಕೂಗಲಿಲ್ಲ. ಬಾಯಿ ತೆರೆದು ನಿಂತೇ ಇದ್ದಳು. ಚಿಕ್ಕವಳಿದ್ದಾಗ ಒಮ್ಮೆ ಗುಡ್ಡದ ತುದಿಯಲ್ಲಿ ನಿಂತಾಗ ಮೋಡ ಕಾಲಿನ ಕೆಳಗೆ ಹಾದುಹೋಗಿತ್ತು. ಆಗಲೂ ಹೀಗೆಯೇ, ಉಸಿರಾಡಿದರೆ ಎಲ್ಲಿ ಚದುರಿಹೋಗುತ್ತದೋ ಎಂದು ನಿಂತಿದ್ದಳು. ಅವನು ಕೆಳಗೆ ನೋಡಿದ. "ಹೇಳ್ತೀಯಾ?" ಎಂದ. ಅವಳು ತಲೆಯಾಡಿಸಿದಳು, ಇಲ್ಲ ಎಂದು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಹತ್ತಿರ ಒಬ್ಬರ ಗುಟ್ಟು ಇತ್ತು.

ಮೂರನೆಯ ದಿನ ಅವಳದ್ದನ್ನು ಅವನಿಗೆ ಹೇಳಿದಳು. ಯಾರಿಗೂ ಹೇಳದ್ದು. ಏಣಿಯ ಬುಡದಲ್ಲಿ ಕಲ್ಲು ಇತ್ತು, ಕಲ್ಲು ಜಾರಿತು ಎಂದು ಅಪ್ಪ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದ್ದ. ಕಲ್ಲೇನೂ ಇರಲಿಲ್ಲ. ಅವಳು "ಹಿಡ್ದೆ" ಎಂದಿದ್ದಳು, ಹಿಡಿದದ್ದು ಒಂದೇ ಕೈ. ಇನ್ನೊಂದು ಕೈಯಲ್ಲಿ ಫೋನಿತ್ತು. ಮೂಡಿಗೆರೆ ಕಾಲೇಜಿನ ಗೆಳತಿಯೊಬ್ಬಳ ಮದುವೆಯ ಸೀರೆಯ ಫೋಟೋ ಬಂದಿತ್ತು, ಬಣ್ಣ ಸರಿಯಾಗಿ ಕಾಣಲಿಲ್ಲವೆಂದು ಆ ಒಂದು ಕೈಯನ್ನೂ ಬಿಟ್ಟು ಬೆರಳಿಂದ ಹಿಗ್ಗಿಸಿ ನೋಡಿದಳು. ಅಷ್ಟೇ. ಅದು ನೇರಳೆ ಬಣ್ಣ. ಅಪ್ಪನ ಸೊಂಟದ ಮೂಳೆ ಮುರಿದ ಸದ್ದನ್ನೂ ಆ ಬಣ್ಣವನ್ನೂ ಈಗ ಬೇರೆ ಮಾಡಲು ಬರುವುದಿಲ್ಲ. ಇದನ್ನೆಲ್ಲ ಹೇಳಿ ಮುಗಿಸಿದಾಗ ಅವನು ಮರದ ಮೇಲಿನಿಂದ, ಹಸಿದವನು ಅಡಿಗೆಮನೆಯ ಕಡೆ ನೋಡುವಂತೆ ಅವಳನ್ನೇ ನೋಡುತ್ತಿದ್ದ. "ಅದು ಬಹಳ ಭಾರ ಇರಬೇಕಲ್ಲ" ಎಂದ. ದನಿಯಲ್ಲಿ ಕನಿಕರವಿರಲಿಲ್ಲ, ಆಸೆಯಿತ್ತು. "ಸ್ವಲ್ಪ ನಾನು ಹಿಡೀಲಾ?" ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು "ಹಿಡಿ ನೋಡೋಣ" ಎಂದಳು.

ಅವತ್ತು ಸಂಜೆ ಆಳುಗಳ ಲೈನ್ ಮನೆಯ ಏರು ಹತ್ತುವಾಗ ಉಸಿರು ಕಟ್ಟಲಿಲ್ಲ. ಮಾರನೆಯ ದಿನ ಚಪ್ಪಲಿಯ ಗುರುತು ಮಣ್ಣಿನಲ್ಲಿ ಅರ್ಧವೇ ಮೂಡಿತು. ಅವನು ಏಣಿ ಇಳಿದು ಬಂದು ಎದುರಿಗೆ ನಿಂತಾಗ, ಅವಳ ಮುಂಗೈಯ ಮೇಲೆ ಒಂದು ಬೆರಳಿಟ್ಟಾಗ, ನೆಲ ಒಂದಿಂಚು ಕೆಳಗೆ ಹೋದಂತಾಗುತ್ತಿತ್ತು. ಅದು ಪ್ರೀತಿಯೋ ಭಾರ ಇಳಿದದ್ದೋ ಅವಳಿಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಕಾಣುತ್ತಿರಲಿಲ್ಲ. ನೇರಳೆ ಬಣ್ಣ ಬರೀ ನೇರಳೆಯಾಯಿತು.

ಇವತ್ತು ಹತ್ತು ಗಂಟೆಯ ಟೀಗೆ ಎಲ್ಲರೂ ಇಳಿದರು. ತಂಗಮ್ಮ ಗ್ಲಾಸು ಹಿಡಿದು ರಶ್ಮಿಯ ಪಕ್ಕದಲ್ಲೇ ಬಂದು ಕೂತಳು, ಅಪರೂಪಕ್ಕೆ.

"ಏನು ಗುರುವಯ್ಯನ ಮಗಳೇ, ಊಟ ಸರಿ ಮಾಡ್ತೀಯೋ ಇಲ್ವೋ? ತರಗೆಲೆ ಮೇಲೆ ನಡೆದ್ರೆ ಸಪ್ಪಳ ಇಲ್ಲ."

"ಮಾಡ್ತೀನಲ್ಲ."

"ನಮ್ಮ ಚಿಕ್ಕಮ್ಮನ ನಾದಿನಿ ಒಬ್ಬಳಿದ್ಲು, ಕಳಸದ ಕಡೆ. ಹೂ ಬಿರಿದ ದಿನ ಬಳ್ಳಿ ದಾಟಿ ಹೋದೋಳು ಮೂರು ದಿನಕ್ಕೆ ಸಿಕ್ಕಳು. ಹಲಸಿನ ಮರದ ತುದೀಲಿ ಕೂತಿದ್ಲಂತೆ. ಇಳಿಸ್ಕೊಂಡ್ರೆ ಒಣಗಿದ ಬಾಳೆಲೆ ಎತ್ತಿದ ಹಾಗೆ. ಬನದೋರಿಗೆ ನಮ್ಮ ಭಾರ ಅಂದ್ರೆ, ನಮಗೆ ಬೆಲ್ಲ ಹ್ಯಾಗೋ ಹಾಗೆ."

"ಸತ್ತುಹೋದಳಾ?"

"ಸಾಯೋದೇನು, ನಲವತ್ತು ವರ್ಷ ಬದುಕಿದ್ಲು. ನಗ್ತಾ ಇರೋಳು. ಗಂಡನ ಹೆಣ ಅಂಗಳದಲ್ಲಿ ಇದ್ದಾಗ್ಲೂ ನಗ್ತಾ ಇದ್ಲು ಮಾರಾಯ್ತಿ." ತಂಗಮ್ಮ ಟೀ ಊದಿದಳು. "ಹೇಳಿದೆ ಅಷ್ಟೆ. ನಿನ್ನ ಏಣಿ ನಿನಗೆ."

ರಶ್ಮಿಯ ಕೈಯಲ್ಲಿ ಗ್ಲಾಸು ತಣ್ಣಗಾಯಿತು. ನಿನ್ನೆ ಸಂಜೆ ಅಪ್ಪ ಜಗುಲಿಯಿಂದ ಇಳಿಯುವಾಗ ವಾಕರ್ ಜಾರಿ, ಸೊಂಟ ಮುರಿದ ಕಡೆಗೇ ಬಿದ್ದಿದ್ದ. ಅವಳು ಎರಡು ಮಾರು ದೂರದಲ್ಲಿ ಲೋಟ ಹಿಡಿದು ನಿಂತಿದ್ದಳು. ಅಪ್ಪನ ಕಾಲು ಮೇಲಾದದ್ದು, ಪಂಚೆ ತಲೆಗೆ ಸುತ್ತಿಕೊಂಡದ್ದು, ಆ ಮುದಿ ಬಾಯಿ ಗಾಳಿಗಾಗಿ ಮೀನಿನಂತೆ ತೆರೆದದ್ದು, ಎಲ್ಲ ಬಹಳ ಸ್ಪಷ್ಟವಾಗಿ ಕಂಡಿತ್ತು. ಅವಳು ನಕ್ಕಿದ್ದಳು. ಗಂಟಲಿನಿಂದಲ್ಲ, ಒಳಗೆಲ್ಲ ಖಾಲಿಯಾದ ಡಬ್ಬದಲ್ಲಿ ಕಾಳು ಅಲುಗಿದಂತೆ. ಅಪ್ಪ ಬಿದ್ದಲ್ಲಿಂದಲೇ ಅವಳನ್ನು ನೋಡಿದ. ಬಯ್ಯಲಿಲ್ಲ. "ನಗೋ ಹಾಗೇ ಬಿದ್ದೆ ಅಲ್ವಾ" ಎಂದು ತಾನೇ ಗೋಡೆ ಹಿಡಿದು ಎದ್ದ. ಆಗಲೂ ಅವಳೊಳಗೆ ಏನೂ ಅಲುಗಲಿಲ್ಲ. ಈಗ ತಂಗಮ್ಮನ ಮಾತು ಕೇಳಿ ಭಯವಾಗಬೇಕಿತ್ತು. ಭಯವೂ ಸರಿಯಾಗಿ ಬರುತ್ತಿರಲಿಲ್ಲ, ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿತ್ತು. ಅದೊಂದೇ ಅವಳಿಗೆ ತಿಳಿಯಿತು: ತನ್ನೊಳಗೆ ಉಳಿದಿರುವ ಭಾರ ಸ್ವಲ್ಪ.

ಟೀ ಮುಗಿದಾಗ ಅವನು ಬಳ್ಳಿ ಕಟ್ಟಿದ ದಾರಿಯ ಹತ್ತಿರ ನಿಂತಿದ್ದ, ಏಣಿಯನ್ನು ಹೆಗಲ ಮೇಲಿಟ್ಟು. ಕತ್ತಿನಲ್ಲಿ ಒಂದು ಕೆಂಪು ಗುಳ್ಳೆ. "ನೋಡು, ಚಗಳಿ ಕಚ್ಚಿತು!" ಎಂದು ಹೊಸ ಸರ ತೋರಿಸುವವನಂತೆ ಕತ್ತು ಚಾಚಿದ. ಅವನ ಹಿಮ್ಮಡಿಗೆ ಮಣ್ಣು ಮೆತ್ತಿತ್ತು. "ಹೂ ನೋಡೋಕೆ ಬಾ."

ಅವಳು ಬಳ್ಳಿಯ ಕೆಳಗೆ ನುಸುಳಿದಳು.

ಒಳಗೆ ಹೊಕ್ಕಕೂಡಲೇ ಮೇಲಿನ ಬ್ಲಾಕಿನ ಕೂಗಾಟ ನಿಂತುಹೋಯಿತು. ಜೇನಿನ ಮೊರೆತ ಮಾತ್ರ, ಅದೂ ಕಿವಿಗಿಂತ ಮೊದಲು ಎದೆಗೂಡಿಗೆ ತಾಗುವ ಮೊರೆತ. ಗಿಡಗಿಡದ ಕೊಂಬೆಕೊಂಬೆಗೆ ಬಿಳಿ ಹೂ ಹತ್ತಿಯ ಹಾಗೆ ಸುತ್ತಿಕೊಂಡು ಎಲೆಯೇ ಕಾಣದಂತಾಗಿತ್ತು. ಸಿಲ್ವರ್ ಮರಗಳ ನಡುವೆ ಇಳಿದ ಬಿಸಿಲು ಆ ಬಿಳುಪಿಗೆ ಬಿದ್ದು ಕೆಳಗಿನಿಂದ ಮೇಲಕ್ಕೆ ಬೆಳಗುತ್ತಿತ್ತು. ತನ್ನ ನೆರಳು ಎಲ್ಲಿ ಎಂದು ಹುಡುಕಿದಳು, ಸಿಗಲಿಲ್ಲ. ಹುಟ್ಟಿದಾಗಿನಿಂದ ಪ್ರತಿ ವರ್ಷ ಈ ಹೂವನ್ನು ದಾರಿಯಾಚೆಯಿಂದ ನೋಡಿದವಳು. ಹಬ್ಬದ ಮನೆಯನ್ನು ಕಿಟಕಿಯಿಂದ ನೋಡಿದಂತೆ. ಒಳಗೆ ಇಷ್ಟು ದೊಡ್ಡದಿದೆ ಎಂದು ಯಾರೂ ಹೇಳಿರಲಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ಅವರು ಕಂಡರು. ಕಾಫಿ ಗಿಡಗಳ ತುದಿಯ ಮೇಲೆ, ಪಿಕಳಾರ ಹಕ್ಕಿ ಕೂರುವಂತೆ, ಹೆಂಗಸರು ಗಂಡಸರು ಕೂತಿದ್ದರು. ಕೊಂಬೆ ಬಾಗಿರಲಿಲ್ಲ, ಒಂದು ಹೂವೂ ಉದುರಿರಲಿಲ್ಲ. ಅವರ ಮುಖ ಎಷ್ಟು ಚೆಂದವೆಂದರೆ ನೋಡಿದ ಕಣ್ಣು ತಾನಾಗಿ ಕೆಳಗಾಗುತ್ತಿತ್ತು. ಅವರು ಅವಳ ಮುಖ ನೋಡುತ್ತಿರಲಿಲ್ಲ. ಎಲ್ಲರೂ, ಒಬ್ಬರೂ ಬಿಡದೆ, ಅವಳ ಪಾದ ನೋಡುತ್ತಿದ್ದರು. ಪಾದದ ಕೆಳಗೆ ಇನ್ನೂ ತುಸು ಒತ್ತಿದ್ದ ತರಗೆಲೆಯನ್ನು.

"ಉಳಿದದ್ದನ್ನೂ ಇವತ್ತು ಕೊಟ್ಟುಬಿಡು" ಎಂದ ಅವನು. "ಆಮೇಲೆ ನೀನು ಇಲ್ಲಿ. ಅಪ್ಪ ಇಲ್ಲ, ಕೆಮ್ಮೋರಿಲ್ಲ. ಪ್ರತಿ ಹೂವಿಗೂ ನಾನು ನೀನು." ಹೇಳುತ್ತ ಏಣಿಯನ್ನು ದೊಡ್ಡದೊಂದು ಸಿಲ್ವರ್ ಮರಕ್ಕೆ ಆನಿಸಿದ. "ಮೊದಲು ನೋಡು. ನನ್ನ ನೋಡು."

"ಹಿಡಿದ್ಯಾ?" ಎಂದು ಅವನು ಕೇಳಲಿಲ್ಲ. ಅವನಿಗೆ ಯಾವತ್ತೂ ಕೇಳುವ ಅಗತ್ಯ ಬಿದ್ದಿರಲಿಲ್ಲ. ಸರಸರ ಏರಿದ. ಮೂರನೆಯ ಗೆಣ್ಣಿಗೆ ಬಿದಿರು ಗುಂಯ್ ಎಂದಿತು, ಆರನೆಯದಕ್ಕೆ ಬಾಗಿತು. "ಬಾಗ್ತದೆ! ನೋಡು, ನನಗೆ ಬಾಗ್ತದೆ!" ಎಂದು ಕೂಗಿದ. ಕೊಂಬೆಗಳ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಅವನು ಇನ್ನೂ ಹತ್ತಿದ, ಭಾರವಿಲ್ಲದವನು ಹತ್ತುವ ರೀತಿಯಲ್ಲೇ, ಕೈ ಬಿಟ್ಟು, ಹೊರಗೆ ವಾಲಿ. ಭಾರವಿರುವವನು ಹೇಗೆ ಮೈಯನ್ನು ಮರಕ್ಕೆ ಒತ್ತಿಕೊಳ್ಳಬೇಕೆಂದು ಅವನಿಗೆ ಯಾರು ಕಲಿಸಿದ್ದರು? ಏಣಿಯ ಬುಡ ಉದುರಿದ ಹಸಿ ಎಲೆಯ ಮೇಲೆ ಅರ್ಧ ಬೆರಳು ಸರಿಯಿತು. ರಶ್ಮಿ ಎರಡೂ ಕೈ ಹಾಕಿ ಹಿಡಿದಳು. ಎಳೆದಳು, ಒತ್ತಿದಳು. ಕೈಯಲ್ಲಿ ಕಸುವಿಲ್ಲ. ಏಣಿ ಸರಿದ ಕಡೆಗೆ ಅವಳೇ ಸರಿದಳು, ಹಿಮ್ಮಡಿ ನೆಲಬಿಟ್ಟು ಮೇಲೆದ್ದಿತು. ಅವನನ್ನು ಹಿಡಿಯಲು ಬೇಕಾದ ಅವಳ ಭಾರವೆಲ್ಲ ಅವನ ಮೈಯಲ್ಲೇ ಇತ್ತು. ಮತ್ತೆ ಸರಿಯಿತು. ಆ ಸದ್ದು ಅವಳಿಗೆ ಗೊತ್ತಿತ್ತು. ಅಪ್ಪ ಬಿದ್ದ ದಿನ ಸದ್ದು ಕೇಳಿ ತಲೆಯೆತ್ತಿದ್ದಳು. ಇವತ್ತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು, ಆದರೂ ಅದೇ ಆಗುತ್ತಿತ್ತು.

"ನಂದು ನಂಗೆ ಕೊಡು!" ಎಂದು ಕೂಗಿದಳು.

"ಕೊಟ್ರೆ ನಾನು ಮತ್ತೆ ಗಾಳಿ."

"ಬೀಳ್ತೀಯ ಮಾರಾಯ!"

"ಬೀಳೋದು ಹ್ಯಾಗಿರುತ್ತೆ, ನೋಡಿದ್ರಾಯ್ತು." ಅವನ ದನಿಯಲ್ಲಿ ಖುಷಿಯೂ ಇತ್ತು, ಮೊದಲ ಸಲ ಹೆದರಿಕೆಯೂ ಇತ್ತು.

"ನಾನು ನೋಡಿದ್ದೀನಿ. ಕೊಡು."

ಅವಳ ದನಿಯಲ್ಲಿ ಏನಿತ್ತೋ. ಅವನು ಕೆಳಗೆ ನೋಡಿದ. ಏಣಿ ಮೂರನೆಯ ಸಲ ಸರಿಯಿತು, ಅವನು ಕೊಟ್ಟುಬಿಟ್ಟ.

ಮೊದಲು ಕಾಲಿಗೆ ಬಂತು. ಹಿಮ್ಮಡಿ ತರಗೆಲೆ ದಾಟಿ ಮಣ್ಣು ದಾಟಿ ಹೂತುಹೋಯಿತು. ಆಮೇಲೆ ಮಂಡಿಗೆ, ಹೊಟ್ಟೆಗೆ, ಎದೆಗೆ. ನೇರಳೆ ಸೀರೆ ಬಂತು, ಮೂಳೆಯ ಸದ್ದು ಬಂತು, ಹಗ್ಗದ ಪಕ್ಕ ಬರಿಗೈಯಲ್ಲಿ ನಿಂತದ್ದು ಬಂತು, ಎಲ್ಲಕ್ಕಿಂತ ಕೊನೆಗೆ ನಿನ್ನೆಯ ನಗು ಬಂತು. ಅಂಗಳದಲ್ಲಿ ಬಿದ್ದ ಮುದುಕನ ಮೇಲೆ ನಕ್ಕ ನಗು. ಅವಳು ಅಳುತ್ತಲೇ ಏಣಿಯನ್ನು ಒತ್ತಿ ಹಿಡಿದಳು. ಏಣಿ ನಿಂತಿತು. ಬಾಗಿದ ಬಿದಿರು ನಿಧಾನವಾಗಿ ನೆಟ್ಟಗಾಯಿತು.

ಮೇಲೆ ಅವನು ಒಂದು ಚಿಗುರಿನ ಮೇಲೆ ಕೂತಿದ್ದ. ಕತ್ತಿನ ಗುಳ್ಳೆ ಮಾಸಿತ್ತು. ಅವನ ಮುಖದಲ್ಲಿದ್ದದ್ದನ್ನು ದುಃಖ ಎನ್ನಲಾಗದು, ದುಃಖಕ್ಕೂ ಭಾರ ಬೇಕು.

"ಹತ್ತು ದಿನ ನಾನು ಹೊತ್ತೆ" ಎಂದ. "ಅದರ ಋಣ?"

"ಏನು ಕೊಡಲಿ?"

"ನಿನ್ನ ಹೆಸರು. ಎಲ್ಲರೂ ಗುರುವಯ್ಯನ ಮಗಳು ಅಂತಾರೆ. ನೀನೇ ನಿನ್ನ ಬಾಯಿಂದ ಹೇಳು. ಅಲ್ಲಿಗೆ ತೀರಿತು. ಮತ್ತೆ ಬರಲ್ಲ."

"ಹೇಳದಿದ್ರೆ?"

"ಕೇಳೋಕೆ ಬರ್ತಾ ಇರ್ತೀನಿ. ಪ್ರತಿ ಹೂವಿಗೂ." ಅವನು ಸುತ್ತ ಕೂತವರನ್ನು ನೋಡಿದ. "ಇಷ್ಟು ಒಳ್ಳೆಯವನಾಗಿ ಬರ್ತೀನಿ ಅಂತ ಮಾತ್ರ ತಿಳ್ಕೋಬೇಡ."

ಹೇಳಿಬಿಡುವುದು ಎಷ್ಟು ಸುಲಭವಿತ್ತು, ಎರಡಕ್ಷರ. ಅವಳು ಅವನನ್ನು ನೋಡಿದಳು. ಹೂವಿನ ಬೆಳಕು ಕೆಳಗಿನಿಂದ ಅವನ ಗಲ್ಲಕ್ಕೆ ಬಿದ್ದಿತ್ತು. ಇನ್ನು ಕಾಣದಿರುವ ಮುಖ ಎಂದುಕೊಂಡಾಗ ಎದೆಯಲ್ಲಿ ಆದದ್ದು ಹೊಸ ಭಾರ, ಅವನು ಹೊತ್ತದ್ದಲ್ಲ, ಅವಳದ್ದೇ.

"ಬಾಕಿ ಇರಲಿ" ಎಂದಳು.

ಅವನು ನಕ್ಕನೋ, ಗಾಳಿ ಬಂತೋ. ಕೊಂಬೆಗಳ ಮೇಲೆ ಯಾರೂ ಇರಲಿಲ್ಲ.

ಬಳ್ಳಿಯ ಈಚೆ ಹಾಲೇಶ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಹೂವಿನ ಬ್ಲಾಕಿಗೆ ಹೋಗಿದ್ಯಾ? ರೈಟರು ನೋಡಿದ್ರೆ ನನ್ನ ಚರ್ಮ ಸುಲೀತಾರೆ. ಎರಡನೇ ರಾಜೇಶ ಎಲ್ಲಿ?"

"ಹೋದ."

"ಹೋದ ಅಂದ್ರೆ? ನಾಳೆ ಬರ್ತಾನಂತಾ?"

"ಬರೋ ವರ್ಷ." ಅವಳು ಏಣಿಯನ್ನು ಹೆಗಲಿಂದ ಇಳಿಸಿದಳು. "ನಾನೂ ಮನೆಗೆ ಹೋಗ್ತೀನಿ ಹಾಲೇಶಣ್ಣ. ಅಪ್ಪನ ಹತ್ರ ಒಂದು ಮಾತಿದೆ."

"ಸಂಜೆ ಆಡಿದ್ರೆ ಆಗಲ್ವಾ?"

"ಎರಡು ವರ್ಷದಿಂದ ಸಂಜೆ ಅಂತಾನೇ ಇದ್ದೆ."

ತಂಗಮ್ಮ ತರಗೆಲೆಯ ಮೇಲೆ ರಶ್ಮಿಯ ಹೆಜ್ಜೆಯ ಸಪ್ಪಳವನ್ನು ತಿರುವಿನವರೆಗೂ ಕಿವಿಗೊಟ್ಟು ಕೇಳಿದಳು.

ಏರಿನಲ್ಲಿ ರಶ್ಮಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಗುರುವಯ್ಯ ಜಗುಲಿಯಲ್ಲಿ ಕೂತು ಗ್ಯಾಂಗಿನ ಹಳೆಯ ಏಣಿಯೊಂದರ ಗೆಣ್ಣು ಕೆತ್ತುತ್ತಿದ್ದ. ಅವಳು ನಿಂತುಕೊಂಡೇ ಹೇಳಿದಳು, ಫೋನು, ಸೀರೆ, ಒಂದು ಕೈ, ಆ ಒಂದು ಕೈಯನ್ನೂ ಬಿಟ್ಟದ್ದು. ನಿನ್ನೆ ನಕ್ಕದ್ದನ್ನೂ ಹೇಳಿದಳು. ಅವನು ಕತ್ತಿಯ ಬಾಯಿಂದ ಬಿದಿರಿನ ಸಿಬಿರು ತೆಗೆದು ಊದಿದ.

"ಗೊತ್ತು" ಎಂದ.

"ಏನು ಗೊತ್ತು?"

"ಮೇಲಿರೋನಿಗೆ ಕೆಳಗಿನ್ದೆಲ್ಲ ಕಾಣ್ತದೆ ಮಾರಾಯ್ತಿ. ನೋಡ್ತಾನೇ ಇದ್ದೆ. ಕೂಗೋಣ ಅನ್ನೋಷ್ಟರಲ್ಲಿ ಜಾರ್ತು."

"ಮತ್ತೆ ಕಲ್ಲು ಅಂದಿರಲ್ಲ ಎಲ್ಲರ ಹತ್ರ. ನಂಗೂ ಒಂದು ಮಾತು ಹೇಳ್ಲಿಲ್ಲ."

"ಹೇಳೋದು ನಿಂದಾಗಿತ್ತು." ಅವನು ಕತ್ತಿ ಕೆಳಗಿಟ್ಟ. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ. ಕೈ ಚಾಚಿದ. "ಎತ್ತು. ಬಚ್ಚಲಿಗೆ ಹೋಗಬೇಕು. ಫೋನ್ ಒಳಗಿಟ್ಟಿದೀಯ ತಾನೆ?"

ಅವಳು ಬಗ್ಗಿ ಅವನ ಕಂಕುಳಿಗೆ ಹೆಗಲು ಕೊಟ್ಟಳು. ಗುರುವಯ್ಯ ಎದ್ದ. ಇಡೀ ಮೈಯ ಭಾರ ಒಂದೇ ಸಲ ಅವಳ ಮೇಲೆ ಬಂತು. ಹೆಗಲ ಮೂಳೆ ನೊಂದಿತು. ಅವಳು ಕಾಲಗಲಿಸಿ ನೆಲವನ್ನು ಒತ್ತಿ ನಿಂತಳು.